ಕೆರೆ ರಾಕ್ಷಸನ ಪಿಚ್ಚರ್ ಹೆಂಗೈತೆ ಅಂದ್ರೆ

ಕೂತು ಪೂರ್ತಿ ಕೇಳೋ ಹಂಗಿದ್ರೆ ಹೇಳ್ತೀನಿ. ಮಧ್ಯ ಎದ್ದು ಹೋಗೋರು ಈಗಲೇ ಹೋಗಿಬಿಡಿ, ನನಗೇನೂ ಬೇಜಾರಿಲ್ಲ.

ಹಿರೇಪೇಟೆ ಅಂತ ಒಂದು ಊರು. ಊರಿಗೆ ಒಂದೇ ಟಾಕೀಸು. ಟಾಕೀಸಿನ ಗೇಟಿನ ಮುಂದೆ ಒಂದೇ ಮಂಡಕ್ಕಿ ಗಾಡಿ. ಗಾಡಿ ತಿಪ್ಪಮ್ಮಂದು. ತಿಪ್ಪಮ್ಮಂಗೆ ಒಬ್ಬನೇ ಮಗ, ಓಬಳೇಶ. ಆಳು ನೋಡಿದ್ರೆ ಆರಡಿ. ಮೀಸೆ ಬಂದು ಹತ್ತು ವರ್ಷ ಆಗಿತ್ತು, ಬುದ್ಧಿ ಮಾತ್ರ ಇನ್ನೂ ದಾರೀಲಿತ್ತು. ಹೇಳಿದ್ದನ್ನ ಹೇಳಿದಂಗೇ ಮಾಡೋನು. "ಗಾಡಿ ಬಿಟ್ಟು ಅಲ್ಲಾಡ್ಬೇಡ" ಅಂತ ಒಂದಿನ ತಾಯಿ ಹೇಳಿ ಹೋದ್ಲು. ಮಳೆ ಬಂತು. ಇವನು ಅಲ್ಲಾಡ್ಲಿಲ್ಲ. ತಾಯಿ ಬರೋ ಹೊತ್ತಿಗೆ ಮಂಡಕ್ಕಿ ಎಲ್ಲಾ ನೆಂದು ಅಂಬಲಿ ಆಗಿತ್ತು.

"ಚೀಲ ಮುಚ್ಚೋಕೆ ಏನಾಗಿತ್ತೋ ನಿಂಗೆ?"

"ಅಲ್ಲಾಡ್ಬೇಡ ಅಂದಿದ್ದೆ ಕಣಮ್ಮ."

ಇಂಥ ಮಗನ್ನ ಇಟ್ಕೊಂಡು, ಗಂಡ ಇಲ್ಲದ ಹೆಂಗಸು, ಅದೇ ಗಾಡಿ ನಂಬ್ಕೊಂಡು ಹದಿನೆಂಟು ವರ್ಷ ಕಳೆದಿದ್ಲು. ಟಾಕೀಸಿನ ಯಜಮಾನ ಮೈಲಾರಪ್ಪ, ಊರೋರ ಬಾಯಲ್ಲಿ ಸಾವ್ಕಾರ್ರು, ಒಂದು ಗುರುವಾರ ಗಾಡಿ ಹತ್ರ ಬಂದು ನಿಂತ್ರು.

"ತಿಪ್ಪಮ್ಮ, ಮೂರು ಪಿಚ್ಚರ್ ಸಾಲಾಗಿ ಮಕಾಡೆ ಮಲಗಿದ್ವು. ನಾಳೆ ರಾಕ್ಷಸನ ಪಿಚ್ಚರ್ ಹಾಕ್ತೀನಿ. ಭಾನುವಾರದೊಳಗೆ ಜನ ಕೂಡಲಿಲ್ಲ ಅಂದ್ರೆ ಟಾಕೀಸನ್ನ ಶೇಂಗಾ ಗೋಡೌನಿಗೆ ಕೊಟ್ಟುಬಿಡ್ತೀನಿ. ನೀನೂ ಗಾಡಿ ಎತ್ಕೋ."

ತಿಪ್ಪಮ್ಮನ ಕೈಲಿದ್ದ ಈರುಳ್ಳಿ ಕೆಳಗೆ ಬಿತ್ತು. ಗೋಡೌನಿನ ಮುಂದೆ ಯಾರು ಮಂಡಕ್ಕಿ ತಿಂತಾರೆ? ಇಲಿ ತಿನ್ಬೇಕು.

ಆ ಊರಿನ ಜನ ಬಲು ಜಾಣರು. ಶುಕ್ರವಾರ ಯಾರೂ ತಾವಾಗಿ ಟಿಕೆಟ್ ತಗೊಳ್ಳಲ್ಲ. ಮ್ಯಾಟ್ನಿ ಬಿಡೋ ಹೊತ್ತಿಗೆ ಗೇಟಿನ ಎದುರು ಹುಣಸೆಮರದ ಕೆಳಗೆ ನಿಂತಿರ್ತಾರೆ. ಮೊದಲು ಹೊರಗೆ ಬಂದೋನನ್ನ ಹಿಡ್ಕೊಂಡು "ಹೆಂಗೈತೆ?" ಅಂತಾರೆ. ಚೆನ್ನಾಗೈತೆ ಅಂದ್ರೆ ಸಾಲು ನಿಲ್ತಾರೆ. ಸುಮಾರು ಅಂದ್ರೆ ಟವೆಲ್ ಒದರಿ ಮನೆ ಕಡೆ ನಡೀತಾರೆ. ಮೂರು ಪಿಚ್ಚರ್ ಮಲಗಿದ್ದೂ ಆ ಮರದ ಕೆಳಗೇ.

ತಿಪ್ಪಮ್ಮ ಯೋಚನೆ ಮಾಡಿದ್ಲು. ಮೊದಲು ಹೊರಗೆ ಬರೋನು ನನ್ನ ಮಗನೇ ಆದ್ರೆ? ಶುಕ್ರವಾರ ಓಬಳೇಶಂಗೆ ಟಿಕೆಟ್ ಕೊಡಿಸಿ ಹೇಳಿದ್ಲು: "ಗಮನ ಇಟ್ಟು ನೋಡು. ಕೇಳಿದೋರಿಗೆ ನೋಡಿದ್ದನ್ನ ನೋಡಿದಂಗೆ ಹೇಳು, ಒಂದೂ ಬಿಡ್ಬೇಡ."

ಮ್ಯಾಟ್ನಿ ಬಿಡ್ತು. ಓಬಳೇಶ ಎದೆ ಉಬ್ಬಿಸ್ಕೊಂಡು ಬಂದ. ಜನ ಮುತ್ಕೊಂಡ್ರು. ಹೆಂಗೈತೆ?

"ಮೊದಲು ಲೈಟ್ ಆರಿತು. ನನ್ನ ಮುಂದೆ ಒಬ್ಬ ಬೋಳುತಲೆಯೋನು ಕೂತಿದ್ದ. ಆಮೇಲೆ ಕೆರೆಯಿಂದ ರಾಕ್ಷಸ ಎದ್ದ. ಮೈಯೆಲ್ಲಾ ಚಿಪ್ಪು. ಡಾಕ್ಟ್ರನ್ನ ತಿಂದ, ಬೆಸ್ತನ್ನ ತಿಂದ, ಎಮ್ಮೇನ ಬಿಟ್ಟ. ತಿರುಗಿದಾಗ ನೋಡಿದೆ, ಬೆನ್ನಲ್ಲಿ ಜಿಪ್ಪಿತ್ತು. ಪಾಪ, ಒಳಗಿದ್ದೋನು ಬೆವೆತಿದ್ದ ಅನ್ಸುತ್ತೆ. ಕೊನೇಲಿ ಸುಣ್ಣದ ಗೂಡಿಗೆ ಬಿದ್ದು ಸತ್ತ. ಹುಡುಗಿ ಬದುಕಿದ್ಲು, ಮದುವೆ ಆಯ್ತು."

ಅಚ್ಚುಕಟ್ಟಾಗಿ ಹೇಳಿದ, ಸುಳ್ಳಿಲ್ಲ. ಜನ ಮಂಡಕ್ಕಿ ಮೆಲ್ಕೊಂಡು ಪೂರ್ತಿ ಕತೆ ಕೇಳಿದ್ರು. ಕೇಳಿ, "ನೋಡ್ದಂಗೇ ಆಯ್ತಲ್ಲ" ಅಂತ ಮನೆಗೆ ಹೋದ್ರು.

"ಅಯ್ಯೋ ಪೆದ್ದೇ," ತಿಪ್ಪಮ್ಮ ಹಣೆ ಚಚ್ಕೊಂಡ್ಲು. "ಕತೆ ಹೇಳಿದ್ರೆ ಯಾರು ಒಳಗೆ ಹೋಗ್ತಾರೋ? ಒಳಗೇನಾಯ್ತು ಅಂತ ಯಾರು ಕೇಳಿದ್ರೂ ಬಾಯಿ ಬಿಡ್ಬೇಡ. ಟಿಕೆಟ್ ತಗೊಂಡು ನೋಡಿ ಅನ್ನು."

"ಅಷ್ಟೇ ತಾನೇ? ಆಯ್ತು ಬಿಡು" ಅಂದ ಓಬಳೇಶ.

ಸಂಜೆ ಫಸ್ಟ್ ಶೋ. ಆಪರೇಟರ್ ಯಾವ ಯೋಚನೇಲಿದ್ನೋ, ಎರಡನೇ ರೀಲನ್ನ ತಿರುಗಾಮುರುಗಾ ಹಾಕಿದ. ಕೆರೆ ಮೇಲೆ ಹೋಯ್ತು, ಆಕಾಶ ಕೆಳಗೆ ಬಂತು, ರಾಕ್ಷಸ ತಲೆಕೆಳಗಾಗಿ ನೇತಾಡಿದ. ಒಳಗೆ ಸಿಳ್ಳೆಯೋ ಸಿಳ್ಳೆ. ಸಾವ್ಕಾರ್ರು ಆಫೀಸಿಂದ ಓಡಿ ಬಂದ್ರು. ಬಾಗಿಲಲ್ಲೇ ಓಬಳೇಶ ನಿಂತಿದ್ದ.

"ಏನಾಯ್ತೋ ಒಳಗೆ?"

"ಹೇಳಲ್ಲ ಸಾವ್ಕಾರ್ರೆ."

"ಯಾಕೋ ಗಲಾಟೆ? ಬೊಗಳೋ."

"ಟಿಕೆಟ್ ತಗೊಂಡು ನೋಡಿ."

ಆರಡಿ ಆಳು ಬಾಗಿಲಿಗೆ ಅಡ್ಡ ನಿಂತ್ರೆ ಸಾವ್ಕಾರ್ರು ಎಲ್ಲಿಂದ ನುಸುಳ್ತಾರೆ? ರೀಲು ಮುಗಿಯೋ ತನಕ ರಾಕ್ಷಸ ನೇತಾಡ್ತಾನೇ ಇದ್ದ, ಜನ ಕತ್ತು ವಾಲಿಸ್ಕೊಂಡು ನೋಡ್ತಾನೇ ಇದ್ರು.

ತಿಪ್ಪಮ್ಮ ಸೌಟು ಎತ್ಕೊಂಡ್ಲು. "ನಿನ್ನ ಹೆತ್ತ ಹೊಟ್ಟೆಗೆ ಏನ್ ಹೇಳ್ಲಿ. ಒಳಗೆ ಏನಾದ್ರೂ ಆದ್ರೆ ಆದ ಗಳಿಗೇಲೇ ಗಂಟಲು ಬಿಚ್ಚಿ ಕೂಗಿ ಹೇಳ್ಬೇಕು ಕಣೋ, ಎಲ್ಲರಿಗೂ ಕೇಳಂಗೆ."

"ಹಂಗಂತ ಮೊದಲೇ ಹೇಳ್ಬಾರ್ದಾ?"

ಶನಿವಾರದ ಮ್ಯಾಟ್ನಿ. ಓಬಳೇಶ ನಡುಸಾಲಲ್ಲಿ ಕೂತ. ಹುಡುಗಿ ಲೋಟ ಎತ್ತಿದ್ಲು. "ಕಾಫಿ ಕುಡೀತಾ ಅವ್ಳೆ" ಅಂತ ಕೂಗಿದ. ಬಾಗಿಲು ಹಾಕಿದ್ಲು. "ಬಾಗಿಲು ಹಾಕಿದ್ಲು, ಚಿಲಕ ಹಾಕ್ಲಿಲ್ಲ." ನೀರಲ್ಲಿ ಗುಳ್ಳೆ ಬಂತು. "ಈಗ ರಾಕ್ಷಸ ಬರ್ತಾನೆ, ಜಿಪ್ಪು ನೋಡಿ." ಅಲ್ಲಿಗೆ ಮುಗೀತು. ಹೆದರಬೇಕಾದೋರು ಒಬ್ಬರೂ ಹೆದರಲಿಲ್ಲ. ಮಕ್ಕಳು ಕೂಡ ಜಿಪ್ಪು ಹುಡುಕ್ತಾ ನಕ್ಕವು. ಇಂಟರ್ವಲ್‌ಗೆ ಅರ್ಧ ಹಾಲ್ ಖಾಲಿ.

ಸಾವ್ಕಾರ್ರು ಗಾಡಿ ಹತ್ರ ಬಂದು, "ನಾಳೆ ಒಂದೇ ದಿನ ತಿಪ್ಪಮ್ಮ. ಗೋಡೌನಿನೋರು ಅಳತೆಗೆ ಬರ್ತಾರೆ" ಅಂದ್ರು. ಬೈದಿದ್ರೂ ಆಗಿರೋದು, ಅವರು ಬೈಲಿಲ್ಲ.

ತಿಪ್ಪಮ್ಮಂಗೂ ಬೈಯೋ ಶಕ್ತಿ ಇರ್ಲಿಲ್ಲ. ಮಗನ್ನ ಪಕ್ಕದಲ್ಲಿ ಕೂರಿಸ್ಕೊಂಡು ತಲೆ ಸವರಿ ಹೇಳಿದ್ಲು: "ಓಬಳೇಶ, ನಾಳೆ ನೀನು ಒಳಗೆ ಹೋಗ್ಬೇಡ ಕಣಪ್ಪ. ಗೇಟಿನ ಹತ್ರ ನಿಂತ್ಕೋ ಸಾಕು. ಹೊರಗೆ ಬರೋ ಒಬ್ಬೊಬ್ಬರ ಬಾಯಲ್ಲೂ ಚೆನ್ನಾಗೈತೆ ಅನ್ನೋ ಮಾತು ಬರ್ಬೇಕು. ಆ ಮಾತಿಲ್ದೆ ಒಬ್ಬ ಆಚೆ ಬಂದ್ರೂ ನಾವು ಕೆಟ್ವಿ."

"ನೀನು ಯೋಚನೆ ಬಿಡಮ್ಮ. ನಾನಿದೀನಲ್ಲ."

ನೀನಿರೋದೇ ನನ್ನ ಯೋಚನೆ ಕಣೋ ಅಂತ ತಿಪ್ಪಮ್ಮ ಮನಸ್ಸಲ್ಲೇ ಅಂದ್ಕೊಂಡ್ಲು.

ಭಾನುವಾರ ಸಂತೆ. ಸಂತೆಗೆ ಬಂದ ಹಳ್ಳಿ ಜನ ಬಿಸಿಲಿಗೆ ಫ್ಯಾನ್ ಸಿಗುತ್ತೆ ಅಂತ ಇನ್ನೂರು ಮಂದಿ ಒಳಗೆ ಕೂತ್ರು. ಮ್ಯಾಟ್ನಿ ಬಿಡ್ತು. ಎಲ್ಲರೂ ಗೇಟಿಗೆ ಬಂದ್ರೆ ಗೇಟಿಗೆ ಸರಪಳಿ, ಸರಪಳಿಗೆ ಬೀಗ. ಗಾಡಿಗೆ ಹಾಕೋ ಬೀಗ. ಆಚೆ ಕಡೆ ಕೀ ಹಿಡ್ಕೊಂಡು ಓಬಳೇಶ.

"ತೆಗಿಯೋ ಬಾಗಿಲ."

"ಹೆಂಗೈತೆ?"

"ಏನು ಹೆಂಗೈತೆ?"

"ಪಿಚ್ಚರ್. ಚೆನ್ನಾಗೈತೆ ಅಂದೋರು ಆಚೆ ಬನ್ನಿ, ಮನೆಗೆ ಹೋಗಿ. ಅನ್ನದೋರು ಒಳಗೇ ಇರಿ."

ಕೊನೇ ಬಸ್ಸಿಗೆ ಹೊತ್ತಾಗಿತ್ತು. ಮುಂದಿದ್ದೋನು "ಚೆನ್ನಾಗೈತೆ ಮಾರಾಯ" ಅಂದ. ಓಬಳೇಶ ಸಂದಿ ಮಾಡಿ ಅವನೊಬ್ಬನ್ನ ಬಿಟ್ಟ, ಮತ್ತೆ ಬೀಗ ಹಾಕಿದ. ಎರಡನೆಯೋನು ಅಂದ, ಬಿಟ್ಟ. ಹೈಸ್ಕೂಲ್ ಮೇಷ್ಟ್ರು ಒಬ್ಬರು "ಸುಮಾರಾಗಿದೆ" ಅಂದ್ರು.

"ಸುಮಾರಿನೋರು ಪಕ್ಕಕ್ಕೆ ನಿಂತ್ಕೊಳ್ಳಿ."

ಐದು ನಿಮಿಷ ನಿಂತ್ರು. ಆಚೆಯಿಂದ ಅವರ ಹೆಂಡ್ತಿ, "ಅಂದುಬಿಡ್ರೀ, ನಿಮ್ಮ ಗಂಟೇನು ಹೋಗುತ್ತೆ" ಅಂದ್ರು. ಮೇಷ್ಟ್ರು ಅಂದ್ರು.

ಹುಣಸೆಮರದ ಕೆಳಗಿದ್ದ ಜಾಣರು ಇದನ್ನೆಲ್ಲಾ ದೂರದಿಂದ ಕೇಳ್ತಿದ್ರು. ಓಬಳೇಶನ ಆರಡಿ ಬೆನ್ನು ಅಡ್ಡ ಇದ್ದು ಬೀಗ ಕಾಣ್ತಿರ್ಲಿಲ್ಲ, ಚೆನ್ನಾಗೈತೆ ಅನ್ನೋ ಮಾತು ಮಾತ್ರ ಕೇಳ್ತಿತ್ತು. ಐವತ್ತು ಜನ ಚೆನ್ನಾಗೈತೆ, ನೂರು ಜನ ಚೆನ್ನಾಗೈತೆ, ಕೊನೆಗೆ ಮೇಷ್ಟ್ರೂ ಚೆನ್ನಾಗೈತೆ. "ಇಷ್ಟು ಜನ ಒಂದೇ ಮಾತು ಹೇಳ್ತಾರೆ ಅಂದ್ರೆ ಸುಮ್ನೇನಾ?" ಓಡಿದ್ರು ಟಿಕೆಟ್ ಕಿಂಡಿಗೆ. ಅವರು ಓಡಿದ್ದು ನೋಡಿ ಸಂತೆಯೇ ಓಡಿತು. ಸಾಲು ಮರ ದಾಟಿ, ಬಾವಿ ದಾಟಿ, ದವಸದ ಅಂಗಡಿ ತನಕ ಹೋಯ್ತು.

ಎಲ್ಲಾ ಹೋಗಿ ಒಳಗೆ ಉಳಿದೋರು ಸಾವ್ಕಾರ್ರು ಒಬ್ಬರೇ.

"ನಂದೇ ಗೇಟು ಕಣೋ ಇದು. ತೆಗಿ."

"ಹೆಂಗೈತೆ ಸಾವ್ಕಾರ್ರೆ?"

"ಅದೂ ಒಂದು ಪಿಚ್ಚರಾ? ರಬ್ಬರ್ ಕೋಟು ಹಾಕ್ಕೊಂಡು..." ಅಂತಿದ್ದೋರು ಗೇಟಿನ ಸರಳಿನ ಸಂದಿಯಿಂದ ಸಾಲು ನೋಡಿದ್ರು. ಆಮೇಲೆ ಇನ್ನೂರು ಜನಕ್ಕಿಂತ ಜೋರಾಗಿ, "ಚೆನ್ನಾಗೈತೆ, ಬಲು ಚೆನ್ನಾಗೈತೆ" ಅಂದ್ರು.

ಆಚೆ ಬಂದೋರೇ ತಿಪ್ಪಮ್ಮನ ಗಾಡಿ ಹತ್ರ ಹೋದ್ರು. "ಗೋಡೌನೂ ಇಲ್ಲ, ಗೀಡೌನೂ ಇಲ್ಲ. ಟಾಕೀಸು ಇರೋ ತನಕ ನಿನ್ನ ಗಾಡಿ ಇಲ್ಲೇ ಇರುತ್ತೆ. ಹದಿನೆಂಟು ವರ್ಷ ಹೊರಗೇ ನಿಂತೆ, ಒಂದು ಪಿಚ್ಚರೂ ನೋಡ್ಲಿಲ್ಲ. ತಗೋ ಬಾಲ್ಕನಿ ಟಿಕೆಟ್. ಸಾಲಲ್ಲಿ ಮೊದಲು ನೀನೇ ಹೋಗು."

ತಿಪ್ಪಮ್ಮಂಗೆ ಅಳು ತಡೀಲಿಕ್ಕಾಗ್ಲಿಲ್ಲ. ಎಷ್ಟು ಸಂತೋಷ ಆಯ್ತು ಅಂದ್ರೆ ಒಲೆ ಆರಿಸೋದನ್ನೇ ಮರೆತು, ಕೈ ತೊಳ್ಕೊಂಡು, ಸೆರಗು ಸರಿ ಮಾಡ್ಕೊಂಡು, ಟಿಕೆಟ್ ಹಿಡ್ಕೊಂಡು ಗೇಟಿನ ಮುಂದೆ ನಿಂತ್ಲು. ಹಿಂದೆ ಊರಿಗೂರೇ ನಿಂತಿತ್ತು.

"ಹೆಂಗೈತಮ್ಮ?" ಅಂದ ಓಬಳೇಶ.

"ನಾನಿನ್ನೂ ನೋಡೇ ಇಲ್ವಲ್ಲೋ."

"ಅನ್ನದೆ ಗೇಟು ತೆಗಿಯಲ್ಲ. ನೀನೇ ಹೇಳಿದ್ದು."

ಜನ ಹಿಂದಿನಿಂದ ನೂಕ್ತಾ ಇದ್ರು. ತಿಪ್ಪಮ್ಮ ನಕ್ಕು, "ಚೆನ್ನಾಗೈತೆ ಕಣಪ್ಪ" ಅಂದ್ಲು.

"ಅಂದ್ಯಲ್ಲ, ಸರಿ. ಇನ್ನು ಮನೆಗೆ ನಡಿ" ಅಂತ ಅವಳ ಕೈಲಿದ್ದ ಟಿಕೆಟ್ ಹರಿದು ಕೊಟ್ಟು, ಓಬಳೇಶ ಹಿಂದಿನೋನ ಕಡೆ ತಿರುಗಿದ. "ನೀವು ಹೇಳಿ. ಹೆಂಗೈತೆ?"