ಬೆನ್ನಿನ ಮಣ್ಣು

“ಗುರುಗಳೇ, ನಿಮ್ಮ ಶಿಷ್ಯರಲ್ಲಿ ನಾನು ಎಷ್ಟನೆಯವನು?” ಎಂದು ಶಿಷ್ಯನೊಬ್ಬ ಕೇಳಿದ.

ಪಾಠ ಮುಗಿದಿತ್ತು. ಉಳಿದವರು ಎದ್ದು ಹೋಗಿದ್ದರು. ಗುರುಗಳು ಗದರಲಿಲ್ಲ. ಕೊನೆಯವನು ಈ ಪ್ರಶ್ನೆ ಕೇಳುವುದಿಲ್ಲ, ಅವನಿಗೆ ಉತ್ತರ ಗೊತ್ತಿರುತ್ತದೆ, ಮುಂದಿನ ಸಾಲಿನವರಿಗೆ ಮಾತ್ರ ಇದು ನಿದ್ದೆ ಕೆಡಿಸುತ್ತದೆ ಎಂದು ನಕ್ಕರು. ಆಮೇಲೆ ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರು. ಊರಿಗೊಂದು ಗರಡಿ. ಹೊಳೆಯಾಚೆ ಇನ್ನೊಂದು ಊರು, ಅಲ್ಲಿಯೂ ಒಂದು ಗರಡಿ. ಸುಗ್ಗಿ ಮುಗಿದ ಮೇಲೆ ಎರಡೂ ಊರಿನ ಪೈಲ್ವಾನರು ಅಖಾಡಕ್ಕೆ ಇಳಿಯುತ್ತಿದ್ದರು. ಗೆದ್ದ ಊರಿಗೆ ಒಂದು ಬೆಳ್ಳಿಯ ಗದೆ. ಆ ಗದೆ ಹೊಳೆ ದಾಟಿ ಹೋಗಿ ಬಹಳ ಕಾಲವಾಗಿತ್ತು. ಈಚೆ ದಡದವರು ವರ್ಷ ವರ್ಷವೂ ಬುತ್ತಿ ಕಟ್ಟಿಕೊಂಡು ಹೋಗಿ, ತಮ್ಮವರ ಸೋಲು ನೋಡಿಕೊಂಡು, ಖಾಲಿ ಬುತ್ತಿ ಹೊತ್ತು ಮರಳುತ್ತಿದ್ದರು.

ಹೀಗಾಗಿ ಅವರು ದೊಡ್ಡ ಪೈಲ್ವಾನರ ಮಾತೆತ್ತುವುದನ್ನೇ ಬಿಟ್ಟಿದ್ದರು. ಮಾತೆಲ್ಲ ಗರಡಿಯಲ್ಲಿ ಸಾಮು ಮಾಡುತ್ತಿದ್ದ ಎಳೆಯರ ಮೇಲೆ. ಇನ್ನೂ ಅಖಾಡ ಕಾಣದವನು ಎಲ್ಲಿಯೂ ಸೋತಿರುವುದಿಲ್ಲ. ಅವನ ಹೆಗಲ ಮೇಲೆ ಎಷ್ಟು ಆಸೆ ಬೇಕಾದರೂ ಹೇರಬಹುದು, ಅವನು ಬೇಡ ಅನ್ನುವುದಿಲ್ಲ.

ಗರಡಿಯ ಹೊರಗೆ ಒಂದು ಬಾವಿ ಇತ್ತು. ಬಾವಿಯ ಎದುರಿಗೆ ಕಲ್ಲಿನ ಜಗುಲಿ. ಸಂಜೆಯಾದರೆ ಆ ಜಗುಲಿಯ ಮೇಲೆ ನಾಲ್ಕಾರು ಜನ ಸೇರುತ್ತಿದ್ದರು. ಒಬ್ಬ ಕುಂಬಾರ, ಒಬ್ಬ ಕ್ಷೌರಿಕ, ಕೆಲಸ ಬಿಟ್ಟ ಒಬ್ಬ ಶಾನುಭೋಗ, ಮತ್ತು ಒಬ್ಬ ಎಣ್ಣೆ ವ್ಯಾಪಾರಿ. ಒಬ್ಬೊಬ್ಬ ಹುಡುಗನಿಗೆ ಒಂದೊಂದು ಹೊಳೆಗಲ್ಲು ಗೊತ್ತುಮಾಡಿಕೊಂಡು ಅವುಗಳನ್ನು ಜಗುಲಿಯ ಮೇಲೆ ಸಾಲಾಗಿ ಇಡುವುದು ಅವರ ಪದ್ಧತಿ. ಗದೆಯನ್ನು ತರುವವನೆಂದು ಯಾರನ್ನು ನಂಬಿದ್ದರೋ ಅವನ ಕಲ್ಲು ಮೊದಲು. ಆಮೇಲಿನವನದು ಆಮೇಲೆ. ಒಂದು ಕಲ್ಲನ್ನು ಒಂದು ಗೇಣು ಮುಂದಕ್ಕೆ ಸರಿಸಲು ಅವರು ಒಂದು ಸಂಜೆಯೆಲ್ಲ ಜಗಳವಾಡಬಲ್ಲವರಾಗಿದ್ದರು. ಇವನ ಕತ್ತು ಬಲಿತಿದೆ ಆದರೆ ತೊಡೆ ಬಂದಿಲ್ಲ, ಅವನಿಗೆ ತೊಡೆಯಿದೆ ಆದರೆ ಎದೆಯಿಲ್ಲ, ಮತ್ತೊಬ್ಬನಿಗೆ ಎಲ್ಲ ಇದೆ ಆದರೆ ಮದುವೆ ಗೊತ್ತಾಗಿದೆ, ಇನ್ನು ಕೆಟ್ಟ ಹಾಗೆಯೇ. ಹೀಗೆ.

ಇದರಲ್ಲಿ ಒಂದು ತೊಡಕಿತ್ತು. ಸ್ನಾನ ಮಾಡಿ ಲಂಗೋಟಿ ಕಟ್ಟಿದವರ ಹೊರತು ಬೇರೆಯವರು ಗರಡಿಯೊಳಗೆ ಕಾಲಿಡುವಂತಿರಲಿಲ್ಲ. ಒಳಗೆ ಯಾರು ಯಾರನ್ನು ಕೆಡವಿದರು ಎಂದು ಜಗುಲಿಯವರಿಗೆ ಕಾಣುತ್ತಿರಲಿಲ್ಲ. ಕುಸ್ತಿ ಕಲಿಸುವ ಉಸ್ತಾದರು ಹೇಳುವ ಪೈಕಿಯಲ್ಲ. ಅದಕ್ಕೆ ಅವರು ಒಂದು ಉಪಾಯ ಕಂಡುಕೊಂಡಿದ್ದರು. ಸಾಮು ಮುಗಿಸಿದ ಹುಡುಗರು ಗರಡಿಯ ಗಿಡ್ಡ ಬಾಗಿಲಿನಿಂದ ಬಗ್ಗಿ ಹೊರಬಂದು ಬಾವಿಯ ಕಡೆಗೆ ಹೋಗುವಾಗ ಅವರ ಬೆನ್ನು ನೋಡುವುದು. ಮೈಗೆ ಮಣ್ಣು ತೂರಿಕೊಳ್ಳುವುದು ಎಲ್ಲರಿಗೂ ಇದ್ದದ್ದೇ. ಆದರೆ ಎರಡು ಹೆಗಲ ಮೂಳೆಗಳ ನಡುವೆ ಒತ್ತಿ ಅಂಟಿದ ಮಣ್ಣು ಬೇರೆ. ಅದು ಚಿತ್ ಆದವನ, ಎಂದರೆ ಎರಡೂ ಭುಜ ನೆಲಕ್ಕೆ ತಾಗಿ ಸೋತವನ ಗುರುತು. ಬೆನ್ನಿಗೆ ಮಣ್ಣು ಹತ್ತಿದವನ ಕಲ್ಲು ಹಿಂದಕ್ಕೆ, ಬೆನ್ನು ಚೊಕ್ಕಟವಾಗಿದ್ದವನ ಕಲ್ಲು ಮುಂದಕ್ಕೆ. ಇದಕ್ಕಿಂತ ನ್ಯಾಯವಾದ ಅಳತೆ ಇಲ್ಲವೆಂದು ಅವರೆಲ್ಲ ನಂಬಿದ್ದರು.

ಅವರಲ್ಲಿ ಎಣ್ಣೆ ವ್ಯಾಪಾರಿಯ ಮಾತಿಗೆ ಬೆಲೆ ಹೆಚ್ಚು. ಹಿಂದೆ ಒಬ್ಬ ಹುಡುಗನನ್ನು ನೋಡಿ ಇವನು ಮುಂದೆ ಬರುತ್ತಾನೆ ಅಂದಿದ್ದ, ಅವನು ಬಂದ. ಇಂಥದೇ ಮಾತನ್ನು ಇನ್ನೂ ಎಷ್ಟೋ ಹುಡುಗರ ಬಗ್ಗೆ ಆಡಿದ್ದ, ಅವರು ಬಂದಿರಲಿಲ್ಲ, ಅದನ್ನು ಊರೂ ಮರೆತಿತ್ತು, ಅವನೂ ಮರೆತಿದ್ದ. ಅಂಗಡಿಯಲ್ಲಿ ಎಣ್ಣೆ ಎಷ್ಟಿದೆ ಎಂದರೆ ತಡವರಿಸುವವರು ಗರಡಿ ಹುಡುಗರ ಕತ್ತಿನ ಸುತ್ತಳತೆಯನ್ನು ನಿದ್ದೆಗಣ್ಣಿನಲ್ಲೂ ಹೇಳುತ್ತಾರೆ ಎಂದು ಅವನ ಹೆಂಡತಿ ಹಾಸ್ಯ ಮಾಡುತ್ತಿದ್ದಳು. ಅವನಿಗೆ ಸಿಟ್ಟು ಬರುತ್ತಿರಲಿಲ್ಲ. ಅದು ನಿಜವೇ ಆಗಿತ್ತು. ಒಳ್ಳೆಯ ಮನುಷ್ಯ. ಆ ಹುಡುಗರನ್ನು ಅವನು ನಿಜವಾಗಿ ಪ್ರೀತಿಸುತ್ತಿದ್ದ.

ವರ್ಷಕ್ಕೊಮ್ಮೆ ಗರಡಿಯ ಪೂಜೆಯ ದಿನ ಉಸ್ತಾದರು ಹುಡುಗರನ್ನು ಬಯಲಿಗೆ ತಂದು ಆಡಿಸುತ್ತಿದ್ದರು. ಅಂಥ ಒಂದು ದಿನ ವ್ಯಾಪಾರಿ ಕೆಂಚನನ್ನು ಕಂಡ. ಕಂಬಳಿ ನೇಯುವವನ ಮಗ, ಗರಡಿಗೆ ಹೊಸಬ. ತನಗಿಂತ ದೊಡ್ಡವನಿಗೆ ಜೋಡಿಯಾಗಿ ನಿಂತು ಬಿದ್ದ, ಎದ್ದ, ಮತ್ತೆ ಬಿದ್ದ, ನಗುತ್ತ ಎದ್ದ. ಆಮೇಲೆ ಯಾರೂ ಕಲಿಸದ ಏನನ್ನೋ ಮಾಡಿದ. ತಾನೂ ಬೀಳುತ್ತಲೇ ಎದುರಾಳಿಯನ್ನು ಅಡಿಗೆ ಹಾಕಿಕೊಂಡ. ನೋಡಿದವರಿಗೆ ಅದು ಎಡವಟ್ಟಿನ ಹಾಗೆ ಕಂಡಿತು. ವ್ಯಾಪಾರಿ ಮಾತ್ರ ಗದೆ ತರುವವನು ಇವನೇ ಎಂದುಕೊಂಡ. ಆ ಸಂಜೆ ಅವನು ಜಗುಲಿಗೆ ಬಂದವನೇ ಸಾಲಿನ ಕೊನೆಯಲ್ಲಿದ್ದ ಕೆಂಚನ ಕಲ್ಲನ್ನು ಎತ್ತಿ ಮೊದಲಿಗೆ ಇಟ್ಟ. ಶಾನುಭೋಗರು ವಾದ ಮಾಡಿದರು. ಇವನು ಕೇಳಲಿಲ್ಲ.

ಮರುದಿನವೇ ಊರಿಗೆಲ್ಲ ಗೊತ್ತಾಯಿತು. ಹಾಲಿನವಳು ಕೆಂಚನ ಮನೆಗೆ ಒಂದು ಪಾವು ಹೆಚ್ಚಿಗೆ ಅಳೆದಳು. ಯಾರೋ ಬಾದಾಮಿ ಕಳಿಸಿದರು. ಮೈ ತಿಕ್ಕಲು ಎಣ್ಣೆ ವ್ಯಾಪಾರಿಯ ಅಂಗಡಿಯಿಂದ ತಪ್ಪದೆ ಹೋಗತೊಡಗಿತು. ಬೀದಿಯಲ್ಲಿ ನಡೆದರೆ ಹಿರಿಯರು ಸರಿದು ದಾರಿ ಬಿಟ್ಟರು. ಕೆಂಚನೂ ಊರಿನ ಮರ್ಯಾದೆಗೆ ತಕ್ಕಂತೆ ನಡೆದುಕೊಂಡ. ಆ ದಿನದಿಂದ ಅವನ ಬೆನ್ನಿಗೆ ಮಣ್ಣು ಹತ್ತಲಿಲ್ಲ. ಒಂದು ವರ್ಷ ಕಳೆಯಿತು, ಎರಡಾಯಿತು, ಮೂರಾಯಿತು. ಉಳಿದ ಕಲ್ಲುಗಳು ಹಿಂದೆ ಮುಂದೆ ಆಗುತ್ತಿದ್ದವು. ಅವನ ಕಲ್ಲು ಕದಲಲಿಲ್ಲ. ಬಾವಿಯ ಹತ್ತಿರ ಅವನು ಬೆನ್ನು ತಿರುಗಿಸಿ ನಿಂತಾಗ ಜಗುಲಿಯವರು ದೇವರ ದರ್ಶನವಾದವರ ಹಾಗೆ ಸುಮ್ಮನಾಗುತ್ತಿದ್ದರು. ಈ ಸಲ ಗದೆ ಬಂತೆಂದೇ ತಿಳಿಯಿರಿ ಎಂದು ವ್ಯಾಪಾರಿ ಹೇಳುತ್ತಿದ್ದ.

ಕೊನೆಗೆ ಊರಿನವರು ಹಟ ಹಿಡಿದು ಕೆಂಚನನ್ನು ಅಖಾಡಕ್ಕೆ ಇಳಿಸಿದರು. ಊರಿಗೆ ಊರೇ ಹೊಳೆ ದಾಟಿತು. ಎದುರಿಗೆ ನಿಂತವನು ಕೆಂಚನಷ್ಟೇ ವಯಸ್ಸಿನವನು, ತೂಕದಲ್ಲಿ ಕಮ್ಮಿ. ಅವನು ನುಗ್ಗಿದ, ಕೆಂಚ ತಡೆದ. ಅವನು ಇನ್ನೊಂದು ಕಡೆಯಿಂದ ನುಗ್ಗಿದ, ಕೆಂಚ ಅದನ್ನೂ ತಡೆದ. ತಾನಾಗಿ ಒಂದು ಹೆಜ್ಜೆಯನ್ನೂ ಮುಂದಿಡಲಿಲ್ಲ. ಇವನೇಕೆ ಕೈ ಮಾಡುತ್ತಿಲ್ಲ ಎಂದು ವ್ಯಾಪಾರಿಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಹೊಳೆಯಾಚೆಯ ಹುಡುಗ ಒಂದು ಸಾದಾ ಕಾಲುಪಟ್ಟು ಹಾಕಿದ. ಗರಡಿಯ ಮಕ್ಕಳೆಲ್ಲ ಬಲ್ಲ ಪಟ್ಟು. ಕೆಂಚ ಬಿದ್ದ. ಬಿದ್ದವನು ಬೀಳುವುದನ್ನು ಬಲ್ಲವರ ಹಾಗೆ ಬೀಳಲಿಲ್ಲ, ಕೈ ಊರಿ ಬಿದ್ದ. ಭುಜದ ಕೀಲು ತಪ್ಪಿತು.

ಮರುದಿನ ಸಂಜೆ ಜಗುಲಿಯ ಮೇಲೆ ಕುಂಬಾರ ಕೆಂಚನ ಕಲ್ಲನ್ನು ಎತ್ತಿ ಸಾಲಿನ ಕೊನೆಗಿಟ್ಟ. ಸ್ವಲ್ಪ ಯೋಚಿಸಿ ಕೆಳಗೆ ಹಾಕಿದ. ಆಮೇಲೆ ಅವರು ಎರಡನೆಯ ಹುಡುಗನ ಮಾತು ತೆಗೆದರು. ಅವರು ಕೆಟ್ಟವರಲ್ಲ. ಇಷ್ಟು ಕಾಲ ಆಸೆ ಇಟ್ಟುಕೊಂಡು ಬದುಕಿದವರು, ಅದನ್ನು ಎಲ್ಲಾದರೂ ಇಡಲೇಬೇಕಲ್ಲ. ವ್ಯಾಪಾರಿಗೆ ಮಾತ್ರ ಅಲ್ಲಿ ಕೂರಲಾಗಲಿಲ್ಲ. ಎದ್ದು ಕೆಂಚನ ಮನೆಗೆ ಹೋದ.

ಕೆಂಚ ಮಗ್ಗದ ಪಕ್ಕ ಗೋಡೆಗೆ ಒರಗಿ ಕೂತಿದ್ದ. ತೋಳಿಗೆ ಪಟ್ಟಿ ಕಟ್ಟಿದ್ದರು. ಇನ್ನು ಗರಡಿಗೆ ಹೋಗುವುದಿಲ್ಲ ಅನ್ನುತ್ತಾನೆ ಎಂದು ಅವನ ತಂದೆ ತಗ್ಗಿದ ದನಿಯಲ್ಲಿ ಹೇಳಿ ಹೊರಗೆ ಹೋದ. ವ್ಯಾಪಾರಿ ಅವನ ಪಕ್ಕ ಕೂತ. ಮನಸ್ಸಿನಲ್ಲಿ ಕೊರೆಯುತ್ತಿದ್ದುದನ್ನೇ ಕೇಳಿದ.

“ಅವನು ಹಾಕಿದ್ದೇನು ದೊಡ್ಡ ಪಟ್ಟೇನೋ ಮಗಾ? ನಿಂಗೆ ಗೊತ್ತಿರ್ಲಿಲ್ವಾ?”

“ನೋಡಿದ್ದೆ ಶೆಟ್ರೆ, ಕಲ್ತಿರ್ಲಿಲ್ಲ,” ಎಂದ ಕೆಂಚ. “ಒಂದು ಪಟ್ಟು ಕಲೀಬೇಕು ಅಂದ್ರೆ ಮೊದ್ಲು ಅದ್ರಲ್ಲಿ ಬೀಳ್ಬೇಕು. ಬಿದ್ರೆ ಬೆನ್ನಿಗೆ ಮಣ್ಣಾಯ್ತದೆ. ಈಚೆಗೆ ಬಂದ್ರೆ ಜಗುಲಿ ಮೇಲೆ ನೀವು ಕೂತಿರ್ತೀರಿ.”

“ಉಸ್ತಾದ್ರು ಏನೂ ಅನ್ಲಿಲ್ವಾ?”

“ದಿನಾ ಅನ್ನೋರು. ಬೀಳೋ, ಬಿದ್ದು ಕಲಿಯೋ ಅಂತ ಬೈಯೋರು. ನಾನು ಸೊಂಟ ನೋವು ಅಂತಿದ್ದೆ. ನೀವು ಎಣ್ಣೆ ಕಳಿಸ್ತಿದ್ರಿ.”

ವ್ಯಾಪಾರಿ ತಲೆ ತಗ್ಗಿಸಿದ. ತನ್ನಿಂದಾಗಿ ಆ ಹುಡುಗನಿಗೆ ಸಿಕ್ಕಿದ್ದನ್ನೆಲ್ಲ ನೆನೆದ. ಹಾಲು, ಬಾದಾಮಿ, ಎಣ್ಣೆ, ಮೊದಲ ಸ್ಥಾನ. ಇಷ್ಟೆಲ್ಲ ಕೊಟ್ಟು, ಅವನು ಯಾವುದರಿಂದ ಪೈಲ್ವಾನನಾಗಬೇಕಿತ್ತೋ ಅದೊಂದನ್ನು ಕಿತ್ತುಕೊಂಡಿದ್ದ. ಪ್ರೀತಿಯಿಂದಲೇ ಕಿತ್ತುಕೊಂಡಿದ್ದ. ಅವನಿಗೆ ನಾಚಿಕೆಯಾಯಿತು, ಅಳು ಬಂತು. ಎರಡನ್ನೂ ನುಂಗಿಕೊಂಡು ಎದ್ದು ಬಂದ.

ಮರುದಿನ ಸಂಜೆ ಅವನು ಜಗುಲಿಯ ಕಡೆ ಹೋಗಲಿಲ್ಲ. ನೇರವಾಗಿ ಗರಡಿಯ ಬಾಗಿಲಿಗೆ ಹೋಗಿ ನಿಂತ. ಲಂಗೋಟಿ ಕಟ್ಟಿದ್ದ, ಮೈಮೇಲೆ ಅಂಗಿಯಿರಲಿಲ್ಲ. ಹೊಟ್ಟೆ ಮುಂದೆ, ಆಮೇಲೆ ಅವನು. ಹುಡುಗರು ಮುಸಿಮುಸಿ ನಕ್ಕರು. ಉಸ್ತಾದರು ನಗಲಿಲ್ಲ. ಸ್ನಾನ ಆಗಿದೆಯೇ ಎಂದು ಮಾತ್ರ ಕೇಳಿದರು. ಆಗಿದೆ ಅಂದ. ಒಳಗೆ ಬಿಟ್ಟುಕೊಂಡರು. ತನ್ನನ್ನು ಒಂದು ಸಲ ಕೆಡವಬೇಕೆಂದು ವ್ಯಾಪಾರಿ ಕೈಮುಗಿದು ಕೇಳಿಕೊಂಡ.  ಉಸ್ತಾದರು ಅವನ ಸೊಂಟ ಹಿಡಿದು, ತುಂಬಿದ ಎಣ್ಣೆಯ ಡಬ್ಬವನ್ನು ಇಳಿಸುವ ಹಾಗೆ ಜೋಪಾನವಾಗಿ ಎತ್ತಿ, ಮಣ್ಣಿಗೆ ಹಾಕಿದರು.

ಗಿಡ್ಡ ಬಾಗಿಲಿನಿಂದ ವ್ಯಾಪಾರಿ ಬಗ್ಗಿ ಹೊರಗೆ ಬಂದಾಗ ಜಗುಲಿಯವರು ರೂಢಿಯಂತೆ ಬೆನ್ನು ನೋಡಲು ಕತ್ತು ಚಾಚಿದರು. ನೋಡಿ ದಂಗಾದರು.  ವ್ಯಾಪಾರಿ ಬಾವಿಯ ಹತ್ತಿರ ನಿಲ್ಲಲಿಲ್ಲ. ಬರಿಮೈಯಲ್ಲಿ, ಬೆನ್ನ ತುಂಬ ಮಣ್ಣು ಮೆತ್ತಿಕೊಂಡು, ಪೇಟೆ ಬೀದಿಯ ನಡುವೆ ನಡೆದ. ಅಂಗಡಿಯವರು ತಕ್ಕಡಿ ಬಿಟ್ಟು ಎದ್ದು ನೋಡಿದರು. ಅವನ ಹೆಂಡತಿ ಬಾಗಿಲಲ್ಲಿ ನಿಂತವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಬದುಕಿನಲ್ಲಿ ಅಷ್ಟು ಉದ್ದದ ಬೀದಿಯನ್ನು ಅವನು ನಡೆದಿರಲಿಲ್ಲ.  ಆ ಹುಡುಗ ದಿನವೂ ಇಂಥ ಕಣ್ಣುಗಳ ಮುಂದೆ ಬಾವಿಗೆ ಹೋಗುತ್ತಿದ್ದ ಎಂಬುದು ಅವನಿಗೆ ಆಗ ಅರ್ಥವಾಯಿತು.

ಕೆಂಚನ ಮನೆಗೆ ಬಂದು ಅವನ ಎದುರಿಗೆ ಬೆನ್ನು ತಿರುಗಿಸಿ ಕೂತ. 

ಕೆಂಚ ಆ ಬೆನ್ನನ್ನು ನೋಡಿದ. ನೆಟ್ಟಗಿದ್ದ ಕೈಯನ್ನು ಚಾಚಿ ವ್ಯಾಪಾರಿಯ ಎಡಭುಜವನ್ನು ಮುಟ್ಟಿದ. “ಇದು ಚಿತ್ ಅಲ್ಲ ಶೆಟ್ರೆ,” ಎಂದ. “ಈ ಕಡೆ ಮಣ್ಣೇ ಹತ್ತಿಲ್ಲ. ಉಸ್ತಾದ್ರು ನಿಮ್ಮನ್ನ ನೋಡ್ಕೊಂಡು ಹಾಕವ್ರೆ. ಇನ್ನೊಂದ್ಸಲ ಬೀಳ್ಬೇಕು ನೀವು.”

“ಒಬ್ನೇ ಹೋಗಕ್ಕೆ ಭಯ ಆಯ್ತದೆ ಕಣೋ,” ಎಂದ ವ್ಯಾಪಾರಿ.

ಕೆಂಚನಿಗೆ ನಗು ಬಂತು. ನಕ್ಕರೆ ಭುಜ ನೋಯುತ್ತಿತ್ತು, ಆದರೂ ತಡೆಯಲಾಗಲಿಲ್ಲ. ತೋಳಿನ ಪಟ್ಟಿ ಬಿಚ್ಚಿದ ವಾರ ಅವನು ಗರಡಿಗೆ ಹೋದ. ಆ ಸಂಜೆ ಹೊರಗೆ ಬಂದಾಗ ಬೆನ್ನಿನ ಮೇಲೆ ತೋರಿಸಲು ಬೆರಳಗಲ ಚೊಕ್ಕ ಜಾಗವೂ ಉಳಿದಿರಲಿಲ್ಲ, ಅಷ್ಟು ಮಣ್ಣು. ಜಗುಲಿಯವರ ಮುಂದೆ ನಿಧಾನವಾಗಿ ನಡೆದು ಬಾವಿಗೆ ಹೋದ. ಜಗುಲಿಯ ಮೇಲೆ ವ್ಯಾಪಾರಿ ಇರಲಿಲ್ಲ. ಅವನು ಬಾವಿಯ ಹತ್ತಿರ ನಿಂತಿದ್ದ. ನೀರು ಸೇದಿ ಕೊಟ್ಟ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

  “ಆಮೇಲೆ ಗದೆ ತಂದವನು ಕೆಂಚನೇ ತಾನೆ?” ಎಂದು ಶಿಷ್ಯ ಕೇಳಿದ.

ಗುರುಗಳು ಅವನ ಕಡೆಗೆ ತಿರುಗಿದರು.

“ನನ್ನೆದುರಿಗೆ ನೀನು ಕೊನೆಯ ಸಲ ತಪ್ಪಿದ್ದು ಯಾವಾಗ?”

ಆ ದಿನದ ಪಾಠದಲ್ಲಿ ತನಗೆ ತಿಳಿಯದೆ ಉಳಿದಿದ್ದ ಸಾಲನ್ನು ಶಿಷ್ಯ ತಪ್ಪುತಪ್ಪಾಗಿಯೇ ಹೇಳತೊಡಗಿದ.