ಅರ್ಧ ದಿನದ ದಾರಿಯ ಒರತೆ

“ಗುರುಗಳೇ, ಎಲ್ಲರೂ ಹೋಗುವ ಜಾಗಕ್ಕೆ ನಾನೂ ಹೋದರೆ ತಪ್ಪೇನು?” ಎಂದು ಶಿಷ್ಯನೊಬ್ಬ ಕೇಳಿದ. ಹೆಸರಾಂತ ಜಲಪಾತವೊಂದನ್ನು ನೋಡಲು ಅವನು ಗೆಳೆಯರೊಂದಿಗೆ ಹೊರಟಿದ್ದ.

ತಪ್ಪೇನೂ ಇಲ್ಲ, ಕಾಲು ತುಳಿಸಿಕೊಳ್ಳುವ ಆಸೆಯಿದ್ದರೆ ಹೋಗಿ ಬಾ ಎಂದರು ಗುರುಗಳು. ಆದರೆ ಹೋಗುವ ಮೊದಲು ಒಂದು ಕತೆ ಕೇಳು ಎಂದು ಹೇಳತೊಡಗಿದರು.

ಒಬ್ಬ ಜವಳಿ ವ್ಯಾಪಾರಿಯಿದ್ದ. ಅವನ ಹೆಂಡತಿಯ ತವರಿನ ಹತ್ತಿರ, ಕಾಡಿನಲ್ಲಿ, ಒಂದು ಒರತೆಯಿತ್ತು. ಬಂಡೆಯ ಬಿರುಕಿನಿಂದ ಬರುವ ನೀರು, ಬೇಸಿಗೆಯಲ್ಲೂ ಬತ್ತುತ್ತಿರಲಿಲ್ಲ. ಆ ನೀರನ್ನು ಯಾರೂ ತಾವೇ ಮೊಗೆದು ಕುಡಿಯಬಾರದು. ಜೊತೆಗೆ ಬಂದವರು ಮೊಗೆದು ಬೊಗಸೆಗೆ ಹಾಕಬೇಕು. ಅದು ಅಲ್ಲಿನ ರೂಢಿ. ಒಮ್ಮೆ ನಾವಿಬ್ಬರೂ ಅಲ್ಲಿಗೆ ಹೋಗಿ ಬರೋಣ ಎಂದು ಮದುವೆಯಾದ ವರ್ಷವೇ ಅವಳು ಕೇಳಿದ್ದಳು.

ಇದ್ದದ್ದು ಅರ್ಧ ದಿನದ ದಾರಿ. ಹಿತ್ತಲ ಗಿಡ ಮದ್ದಲ್ಲವಲ್ಲ, ವ್ಯಾಪಾರಿ ನಕ್ಕುಬಿಟ್ಟ.

“ಆ ಒರತೆ ನೋಡ್ಕೊಂಡು ಬಂದೆ ಅಂದ್ರೆ ಅಂಗಡೀಲಿ ಯಾರಿಗೆ ಗೊತ್ತಾಗುತ್ತೆ? ಹೆಸರಿರೋ ಜಾಗಕ್ಕೆ ಹೋಗೋಣ.”

ವರ್ಷಕ್ಕೊಂದು ಹೆಸರುವಾಸಿ ಸ್ಥಳಕ್ಕೆ ಅವಳನ್ನು ಕರೆದೊಯ್ದ. ಹೋದಲ್ಲೆಲ್ಲ ನೂಕುನುಗ್ಗಲು. ಅವಳು ಕಂಡದ್ದು ಹೆಚ್ಚಾಗಿ ಮುಂದೆ ನಿಂತವರ ಬೆನ್ನು. ಊರಿಗೆ ಬಂದ ಮೇಲೆ ಅವನು ತಿಂಗಳುಗಟ್ಟಲೆ ಅಂಗಡಿಯಲ್ಲಿ ಬಣ್ಣಿಸುತ್ತಿದ್ದ. ಅವಳು ಕೆಲವು ವರ್ಷ ಒರತೆಯ ಮಾತೆತ್ತಿದಳು, ಆಮೇಲೆ ಬಿಟ್ಟಳು. ಅವಳಿಗೆ ಆ ಆಸೆ ತೀರಿತು ಎಂದು ಅವನು ತಿಳಿದ. ಪಾಪ, ವ್ಯಾಪಾರದಲ್ಲಿ ಮಾತ್ರ ಬುದ್ಧಿವಂತ.

ಮದುವೆಯಾದ ಹದಿನಾರನೆಯ ವರ್ಷ ಅವಳು ಜ್ವರ ಹಿಡಿದು ಮಲಗಿದಳು. ಅವಳನ್ನು ನೋಡಿಕೊಳ್ಳಲು ತಂಗಿ ಬಂದಿದ್ದಳು. ಒಂದು ಬೆಳಿಗ್ಗೆ ಬಾಯಾರಿಕೆ ಎಂದಾಗ ಗಂಡನೇ ತಲೆ ಎತ್ತಿ ಹಿಡಿದು ನೀರು ಕುಡಿಸಿದ. ಅವಳು ಒಂದು ಗುಟುಕು ಕುಡಿದಳು.

“ಈ ನೀರಲ್ಲ” ಎಂದಳು.

ಅವನಿಗೆ ಅರ್ಥವಾಯಿತು. ಅವಳನ್ನು ಕರೆದೊಯ್ಯಲು ಗಾಡಿ ಕಟ್ಟಲು ಓಡಿದ. ಎತ್ತುಗಳಿಗೆ ನೊಗ ಏರಿಸುವಷ್ಟರಲ್ಲಿ ಒಳಗಿನಿಂದ ತಂಗಿಯ ಅಳು ಕೇಳಿಸಿತು.

ಅವಳ ಅಂತ್ಯಕರ್ಮಗಳೆಲ್ಲ ಮುಗಿದ ಮರುದಿನ ಅವನೊಬ್ಬನೇ ಒರತೆಗೆ ನಡೆದು ಹೋದ. ಅಲ್ಲಿ ಯಾರೂ ಇರಲಿಲ್ಲ. ನೀರು ಬೀಳುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಇಷ್ಟು ವರ್ಷ ಅವಳು ಕೇಳಿದ್ದು ಇಷ್ಟನ್ನೇ. ಬೊಗಸೆಯೊಡ್ಡಿ ನಿಂತ. ಹಾಕುವವರು ಇರಲಿಲ್ಲ. ತಾನೇ ಮೊಗೆದುಕೊಂಡರೆ ನೋಡುವವರೂ ಇರಲಿಲ್ಲ. ಆದರೂ ಅವನು ಮೊಗೆಯಲಿಲ್ಲ. ಹೊತ್ತು ಇಳಿಯುವವರೆಗೆ ನಿಂತಿದ್ದು, ಬಾಯಾರಿಕೊಂಡೇ ಹಿಂದಿರುಗಿದ.

ಗುರುಗಳು ಕತೆ ನಿಲ್ಲಿಸಿದರು. ಇನ್ನೊಂದು ದಿನ ಬೇರೆ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ ಕುಡಿಯಬಹುದಿತ್ತಲ್ಲ ಎಂದು ಶಿಷ್ಯ ಕೇಳಿದ.

ಗುರುಗಳು ಅವನ ಮುಖವನ್ನೇ ನೋಡುತ್ತ ಕೇಳಿದರು:

“ನಿನ್ನ ಮನೆಯಲ್ಲಿ, ಒಂದು ಜಾಗದ ಹೆಸರು ಹೇಳಿ ಹೇಳಿ ಸುಮ್ಮನಾದವರು ಯಾರು?”