ಬ್ಯಾನರ್ ತುಂಬ ಗೌಡರು

ಊರಿಗೆಲ್ಲ ಹೆರಿಗೆ ಮಾಡಿಸಿದ ಸೂಲಗಿತ್ತಿ ದ್ಯಾಮವ್ವ ತೀರಿಕೊಂಡಳು. ಶ್ರದ್ಧಾಂಜಲಿಯ ಬ್ಯಾನರ್ ಮಾಡಿಸಲು ಪುರಸಭೆ ಸದಸ್ಯ ಶಂಕರಗೌಡರು ಮಾಬುಬಿಯ ಫ್ಲೆಕ್ಸ್ ಅಂಗಡಿಗೆ ಬಂದರು.

"ಬ್ಯಾನರ್ ತುಂಬ ನಂದ ಫೋಟೋ ಇರಬೇಕು. ಮುದುಕಿದು ಎಲ್ಲ್ಯರ ಇರಲಿ. ತಪ್ಪಿದ್ರ ನಿನ್ನ ಅಂಗಡಿ ಎತ್ತಿಸ್ತೀನಿ."

"ಆತ್ರಿ ಗೌಡ್ರ," ಅಂದಳು ಮಾಬುಬಿ. ಅವಳನ್ನೂ ಭೂಮಿಗೆ ತಂದದ್ದು ದ್ಯಾಮವ್ವನ ಕೈಯೇ.

ಕಂಪ್ಯೂಟರಿನಲ್ಲಿ ಕಪ್ಪು ಹಿನ್ನೆಲೆ ಇಟ್ಟು, ಅದರ ಮೇಲೆ ಗೌಡರ ನಗುಮುಖದ ಫೋಟೋವನ್ನು ಅಂಚಿನಿಂದ ಅಂಚಿಗೆ ಹಿಗ್ಗಿಸಿದಳು. ಅದಕ್ಕೆ ದ್ಯಾಮವ್ವನ ಹಳೆಯ ಕಪ್ಪು-ಬಿಳುಪು ಫೋಟೋವನ್ನೇ ಮಾಸ್ಕ್ ಮಾಡಿ ಹೊದಿಸಿದಳು. ಮಾಸ್ಕಿನ ಗುಣವೇ ಹಾಗೆ. ಅದು ಬೆಳ್ಳಗಿದ್ದಲ್ಲಿ ಕೆಳಗಿನ ಚಿತ್ರ ಕಾಣುತ್ತದೆ, ಕಪ್ಪಗಿದ್ದಲ್ಲಿ ಅಡಗಿ ಹಿನ್ನೆಲೆಯ ಕಪ್ಪೇ ಉಳಿಯುತ್ತದೆ, ಬೂದು ಬಣ್ಣವಿದ್ದಲ್ಲಿ ಮಸುಕಾಗುತ್ತದೆ.

ಮರುದಿನ ಚೌಕದಲ್ಲಿ ಬ್ಯಾನರ್ ಏರಿತು. ಗೌಡರು ತಲೆಯೆತ್ತಿದರೆ ದ್ಯಾಮವ್ವ ನೋಡುತ್ತಿದ್ದಾಳೆ! ಜನ ಕೈಮುಗಿಯುತ್ತಿದ್ದಾರೆ.

"ನಾ ಎಲ್ಲಿ ಅದೀನಿ?" ಎಂದು ಅಲ್ಲೇ ನಿಂತಿದ್ದ ಮಾಬುಬಿಯ ಮೇಲೆ ಗುಡುಗಿದರು.

"ಪೂರಾ ನೀವ ಅದೀರಿ. ಹತ್ರ ಹೋಗಿ ನೋಡ್ರಿ. ದ್ಯಾಮವ್ವಾಯಿ ಮ್ಯಾಲ ಬೆಳಕು ಬಿದ್ದಲ್ಲೆಲ್ಲ ನೀವ ಕಾಣ್ತೀರಿ."

ಗೌಡರು ಹತ್ತಿರ ಹೋದರು. ಮುದುಕಿಯ ಕೆನ್ನೆಯೊಳಗೆ ತಮ್ಮದೇ ನಗು. ಸೆರಗಿನೊಳಗೆ ತಮ್ಮದೇ ಬಿಳಿ ಅಂಗಿ.

ಪಕ್ಕದಲ್ಲಿ ಕೈಮುಗಿದು ನಿಂತಿದ್ದ ಅವರ ತಾಯಿ ಅಂದಳು: "ಖರೆ ಐತೋ ಮಗನ. ನೀ ಮೊದಲ ಕಣ್ಣು ಬಿಟ್ಟಿದ್ದೂ ಆಕಿ ಸೆರಗಿನ್ಯಾಗ."

ಗೌಡರು ಮೆಲ್ಲಗೆ ಚಪ್ಪಲಿ ಕಳಚಿದರು.